ಸದ್ದು ಕಡಿಮೆ ಇರುವ ಸಾಲು

ಅಕ್ಕ ಸರಿಯಾಗಿ ನಿದ್ದೆ ಮಾಡಿ ಒಂಬತ್ತು ದಿನವಾಗಿತ್ತು. ದಿನ ಎಣಿಸಿದವಳು ನಾನು. ಎಣಿಸುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಒಂದು ದಿನ ಟೀಗೆ ಸಕ್ಕರೆಯ ಬದಲು ಉಪ್ಪು ಹಾಕಿದಳು, ಹಾಕಿ ಕುಡಿದೂ ಬಿಟ್ಟಳು. ಇನ್ನೊಂದು ದಿನ ನಾನು ಒಳಗಿರುವಾಗಲೇ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದಳು.

ಅವಳ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಆರು ವರ್ಷದಿಂದ ರಾತ್ರಿ ಪಾಳಿ. ಒಗೆದ ಬೆಡ್‌ಶೀಟನ್ನು ಎರಡು ಕಾದ ರೋಲರುಗಳ ನಡುವೆ ತಳ್ಳಬೇಕು, ಆ ಕಡೆಯಿಂದ ಅದು ಇಸ್ತ್ರಿಯಾಗಿ ಬರುತ್ತದೆ. ಅಂಚನ್ನು ಬೆರಳಿನಿಂದಲೇ ರೋಲರಿನ ಬಾಯಿಗೆ ಕೊಡಬೇಕು, ಅದು ಕಚ್ಚಿಕೊಂಡ ಕೂಡಲೇ ಬೆರಳು ಹಿಂದಕ್ಕೆ ಬರಬೇಕು. ಒಂದು ರಾತ್ರಿಗೆ ಆರುನೂರು ಸಲ. ಹೋದ ತಿಂಗಳು ಪಕ್ಕದ ಯಂತ್ರದವಳು ಆರುನೂರರಲ್ಲಿ ಒಂದು ಸಲ ತೂಕಡಿಸಿದಳು. ಆಮೇಲೆ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ತಾನೇ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ, ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದಳು. ಕಾಗದದಲ್ಲಿ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಬರೆದರು. ಹಾಗೆ ಬರೆದವನು ಮನೆಗೆ ಹೋಗಿ ಎಂಟು ಗಂಟೆ ಮಲಗಿ ಎದ್ದಿರುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಅಕ್ಕ ಬೆಳಿಗ್ಗೆ ಏಳಕ್ಕೆ ಮನೆಗೆ ಬರುತ್ತಾಳೆ. ನಮ್ಮದು ಒಂದೇ ಕೋಣೆ, ತಲೆಯ ಮೇಲೆ ಸಿಮೆಂಟ್ ಶೀಟು. ಚಳಿಗಾಲದಲ್ಲಿ ಹೇಗೋ ಆಗುತ್ತದೆ. ಬೇಸಿಗೆಯಲ್ಲಿ ಒಂಬತ್ತಾಗುವುದರೊಳಗೆ ಶೀಟು ಕಾದು ಚಟಚಟ ಎನ್ನಲು ಶುರು. ಫ್ಯಾನು ತಿರುಗಿದರೆ ಮೇಲಿನ ಬಿಸಿಯನ್ನು ಕೆಳಗೆ ತಂದು ಸುರಿಯುತ್ತದೆ, ಕರೆಂಟು ಹೋದರೆ ಅದೂ ಇಲ್ಲ. ಶಾಲೆಗೆ ರಜೆ, ಓಣಿಯ ಮಕ್ಕಳೆಲ್ಲ ನಮ್ಮ ಗೋಡೆಗೇ ಚೆಂಡು ಹೊಡೆಯುತ್ತಾರೆ. ಹತ್ತೂವರೆಗೆ ನೀರಿನ ಟ್ಯಾಂಕರ್ ಬರುತ್ತದೆ. ಅದರ ಹಾರ್ನು, ಬಿಂದಿಗೆಗಳ ಗುದ್ದಾಟ, ಹೆಂಗಸರ ಬೈಗುಳ. ನೊಣಗಳಿಗೆ ಮುಖದ ಮೇಲೆ ತುಟಿಯ ಮೂಲೆಯೇ ಬೇಕು. ಬೆನ್ನ ತುಂಬಾ ಬೆವರುಸಾಲೆ, ಅಂಗಾತ ಮಲಗುವಂತಿಲ್ಲ. ಬೇಸಿಗೆ ಎಂದರೆ ರಜೆ ಎಂದು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹತ್ತನೆಯ ದಿನ ಬೆಳಿಗ್ಗೆ ಅಕ್ಕ ನೆಲದ ಮೇಲೆ ಕೂತು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

“ನಿನ್ನೆ ಒಂದು ಸಲ ಬಟ್ಟೆ ಒಳಗೆ ಹೋಗಿದ್ದೇ ಗೊತ್ತಾಗ್ಲಿಲ್ಲ ಕಣೇ” ಎಂದಳು. “ಕಣ್ಣು ಬಿಟ್ಕೊಂಡೇ ಇದ್ದೆ. ಆದ್ರೆ ನಾನು ಅಲ್ಲಿರ್ಲಿಲ್ಲ.”

“ಇವತ್ತು ಥೇಟರಿಗೆ ಬಾ” ಎಂದೆ.

“ಸಿನಿಮಾ ನೋಡೋ ಮುಖನಾ ಇದು?”

“ನೋಡೋಕೆ ಯಾರು ಕರೆದ್ರು? ಮಲ್ಕೊಳೋಕೆ ಬಾ.”

ನಾನು ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿಯುವವಳು. ಟಿಕೆಟ್ ಹರಿದು, ಕತ್ತಲೆಯಲ್ಲಿ ಜನರಿಗೆ ಸೀಟು ತೋರಿಸಿ, ಆಟ ಮುಗಿದ ಮೇಲೆ ಸಾಲುಗಳ ನಡುವೆ ಗುಡಿಸಿ, ಮುಂದಿನ ಆಟಕ್ಕೆ ಬಾಗಿಲು ತೆಗೆಯುವುದು. ಹನ್ನೊಂದು ವರ್ಷವಾಯಿತು. ಟಾರ್ಚ್ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಬೆಳಕು ಮೊಣಕಾಲಿಗಿಂತ ಮೇಲೆ ಏಳಬಾರದು. ಗಾಜಿನ ಮೇಲೆ ಎರಡು ಬೆರಳು ಮುಚ್ಚಿ, ಅವುಗಳ ಸಂದಿಯಿಂದ ಬರುವಷ್ಟು ಬೆಳಕನ್ನು ಮಾತ್ರ ನೆಲಕ್ಕೆ ಬಿಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಆಪರೇಟರ್ ಮಾವ ಇದನ್ನು ಹೇಳಿಕೊಟ್ಟಿದ್ದ. ಮೇಲಿನ ಕ್ಯಾಬಿನ್ನಿನಲ್ಲಿ ಯಂತ್ರ ನಡೆಸುವ ಮುದುಕ ಅವನು. ನನಗೆ ಸಂಬಂಧದಿಂದ ಮಾವನಲ್ಲ, ಇಡೀ ಥೇಟರಿಗೆ ಮಾವ.

ಮಧ್ಯಾಹ್ನದ ಆಟಕ್ಕೆ ಬರುವವರಲ್ಲಿ ಎರಡು ಜಾತಿ: ನೋಡಲು ಬರುವವರು ಮತ್ತು ಮಲಗಲು ಬರುವವರು. ಮಲಗುವವರನ್ನು ಗುರುತಿಸುವುದು ಸುಲಭ. ಅವರು ಪೋಸ್ಟರಿನ ಕಡೆ ತಿರುಗಿಯೂ ನೋಡುವುದಿಲ್ಲ. ‘ಎಷ್ಟು ಹೊತ್ತಿನ ಸಿನಿಮಾ’ ಎಂದು ಕೇಳುತ್ತಾರೆ. ಒಬ್ಬ ಗೋದಾಮಿನ ರಾತ್ರಿ ಕಾವಲುಗಾರ. ಇನ್ನೊಬ್ಬಳು ಬೇಕರಿಯಲ್ಲಿ ನಡುರಾತ್ರಿಯಿಂದ ಒಲೆಯ ಮುಂದೆ ನಿಂತು ಬ್ರೆಡ್ಡು ತೆಗೆಯುವವಳು, ನಾವೆಲ್ಲ ಬ್ರೆಡ್ಡಕ್ಕ ಎನ್ನುತ್ತೇವೆ. ಹೀಗೆ ಬೇಸಿಗೆಯಲ್ಲಿ ಆರೇಳು ಜನ. ಊರೆಲ್ಲ ಎಚ್ಚರವಿರುವಾಗ ಮಲಗಬೇಕಾದವರು, ಮಲಗಲು ತಂಪಾದ ಒಂದು ಜಾಗವಿಲ್ಲದವರು.

ಅವರನ್ನು ಎಲ್ಲಿ ಕೂರಿಸಬೇಕೆಂಬುದು ನನಗೆ ಗೊತ್ತಿತ್ತು. ಎಡಗಡೆ, ಕೊನೆಯಿಂದ ಎರಡನೆಯ ಸಾಲು. ಅಲ್ಲಿನ ಗೋಡೆಯ ಸ್ಪೀಕರ್ ಕೆಟ್ಟು ಯಾವ ಕಾಲವಾಯಿತೋ, ರಿಪೇರಿ ಮಾಡಿಸುವಷ್ಟು ಯಾರಿಗೂ ಅಕ್ಕರೆಯಿಲ್ಲ. ಮೇಲೆ ಬಾಲ್ಕನಿಯ ಸೂರು. ಎದುರಿಗೆ ಕಂಬ, ಅರ್ಧ ಪರದೆಯನ್ನು ಅದೇ ನುಂಗುತ್ತದೆ. ಏಸಿಯ ಗಾಳಿ ಮಾತ್ರ ನೆಟ್ಟಗೆ ಅಲ್ಲಿಗೇ ಇಳಿಯುತ್ತದೆ. ನೋಡುವವರಿಗೆ ಅಲ್ಲಿ ಕೂತರೆ ಜಗಳಕ್ಕೆ ಬರುವಷ್ಟು ಸಿಟ್ಟು, ಮಲಗುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಾಗಿಲಲ್ಲಿ ಟಿಕೆಟ್ ಹರಿಯುತ್ತಾ “ಸದ್ದು ಕಡಿಮೆ ಇರೋ ಸಾಲು ಬೇಕಾ?” ಎಂದು ಕೇಳುತ್ತೇನೆ. ಬೇಕಾದವರು ತಲೆಯಾಡಿಸುತ್ತಾರೆ. ಮಾವನೂ ಮಧ್ಯಾಹ್ನದ ಆಟಕ್ಕೆ ಸದ್ದಿನ ಗುಂಡಿಯನ್ನು ಒಂದು ಗೆರೆ ಕೆಳಗಿಡುತ್ತಾನೆ. “ನನಗೂ ವಯಸ್ಸಾಯ್ತಲ್ಲೇ, ಕಿವಿ ನೋವು” ಎನ್ನುತ್ತಾನೆ. ಕ್ಯಾಬಿನ್ನಿನ ಒಳಗೆ ಸದ್ದೇ ಬರುವುದಿಲ್ಲ, ಅದು ಬೇರೆ ಮಾತು.

ಅಕ್ಕ ಅಂದು ಹೆಸರುಗಳು ಬರುವ ಮೊದಲೇ ಮಲಗಿದಳು. ಮಧ್ಯಂತರದಲ್ಲಿ ದೀಪ ಹತ್ತಿದರೂ ಏಳಲಿಲ್ಲ. ಎರಡೂ ಮುಕ್ಕಾಲಿಗೆ ನಾನು ಹೆಗಲು ಮುಟ್ಟಿದಾಗ ಕೆನ್ನೆಯ ಮೇಲೆ ಸೀಟಿನ ಹೊಲಿಗೆಯ ಗುರುತು ಮೂಡಿತ್ತು. “ಮುಗೀತಾ?” ಎಂದಳು, ಊಟದ ಮಧ್ಯೆ ಯಾರೋ ತಟ್ಟೆ ಎಳೆದುಕೊಂಡಂತೆ. ಹೀಗೆ ಐದು ದಿನ ನಡೆಯಿತು. ಟೀಗೆ ಮತ್ತೆ ಸಕ್ಕರೆ ಬಿತ್ತು.

ಆಗ ಓಡುತ್ತಿದ್ದುದು ಒಬ್ಬ ಬಡ ತಾಯಿಯ ಕಥೆ. ಅವಳು ಹತ್ತು ಮನೆಯ ನೆಲ ಒರೆಸಿ ಮಗಳನ್ನು ಓದಿಸುತ್ತಾಳೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಟ್ಟೆ ಹೊಲಿಯುತ್ತಾಳೆ. ಮಗಳು ಡಾಕ್ಟರಾಗಿ ಬರುವ ಹೊತ್ತಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕಣ್ಣು ಮುಚ್ಚುತ್ತಾಳೆ. ಜನ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಪ್ರತಿ ಆಟ ಮುಗಿದ ಮೇಲೂ ನಾನು ಸೀಟಿನಡಿಯಿಂದ ಒದ್ದೆ ಕಾಗದದ ಉಂಡೆಗಳನ್ನು ಒಂದು ಚೀಲ ತುಂಬಾ ಹೆಕ್ಕುತ್ತಿದ್ದೆ. ಹೆಕ್ಕುವಾಗ ಪಕ್ಕದಲ್ಲೇ ದಾಟಿ ಹೋಗುವವರು ಕಾಲು ಎತ್ತಿಡುತ್ತಿದ್ದರು, ನನಗೆ ತಾಗಬಾರದೆಂದಲ್ಲ, ಚಪ್ಪಲಿಗೆ ಪೊರಕೆ ತಾಗಬಾರದೆಂದು.

ಆರನೆಯ ದಿನ ಮ್ಯಾನೇಜರ್ ಕರೆಸಿದ. ನನಗಿಂತ ಹತ್ತು ವರ್ಷ ಚಿಕ್ಕವನು, ಕೋಣೆಯೊಳಗೆ ಸ್ವೆಟರ್ ಹಾಕಿಕೊಳ್ಳುವಷ್ಟು ಏಸಿ. ಮೊಬೈಲಿನಲ್ಲಿ ಯಾರೋ ಪ್ರೇಕ್ಷಕ ಬರೆದುದನ್ನು ಓದಿ ಹೇಳಿದ: “‘ಮನಕಲಕುವ ಚಿತ್ರ. ಆದರೆ ತಾಯಿ ಪ್ರಾಣ ಬಿಡುವ ದೃಶ್ಯದಲ್ಲಿ ಹಿಂದಿನಿಂದ ಯಾರದೋ ಗೊರಕೆ. ನಮ್ಮ ಭಾವನೆಗೆ ಬೆಲೆಯೇ ಇಲ್ಲವೇ?’ ಕೇಳ್ತಾ ಇದೀಯೇನಮ್ಮಾ? ನಮ್ಮ ಥೇಟರಿಗೆ ಒಂದೇ ನಕ್ಷತ್ರ ಕೊಟ್ಟಿದಾನೆ. ಏನು ಧರ್ಮಛತ್ರನಾ ಇದು?”

“ಅವ್ರೂ ಟಿಕೆಟ್ ತಗೊಂಡೇ ಬರ್ತಾರೆ ಸಾರ್.”

“ಟಿಕೆಟ್ ಕೊಡೋದು ಸಿನಿಮಾ ನೋಡೋಕೆ.”

“ಹಾಗಂತ ಟಿಕೆಟ್ ಮೇಲೆ ಬರೆದಿಲ್ಲ ಸಾರ್.”

ಅವನು ತಲೆಯೆತ್ತಿ ನೋಡಿದ. ಟಾರ್ಚ್ ಹಿಡಿಯುವವಳು ಟಿಕೆಟ್ ಓದುತ್ತಾಳೆ ಎಂಬುದು ಅವನಿಗೆ ಹೊಸ ವಿಷಯ. “ನಾಳೆಯಿಂದ ನಿದ್ದೆ ಮಾಡೋರನ್ನ ಎಬ್ಬಿಸ್ಬೇಕು. ಎರಡನೇ ಸಲ ಮಲಗಿದ್ರೆ ಹೊರಗೆ. ಆಗಲ್ಲ ಅಂದ್ರೆ ಈಗ್ಲೇ ಹೇಳು, ಟಾರ್ಚ್ ಹಿಡಿಯೋಕೆ ಬೇರೆ ಕೈ ಸಿಗಲ್ಲ ಅಂತೇನಿಲ್ಲ.”

ಮರುದಿನ ನಾನು ಎಬ್ಬಿಸಿದೆ. ಕೆಲಸ ಹೋದರೆ ಇಬ್ಬರ ಮನೆಯಲ್ಲಿ ಒಬ್ಬರ ದುಡಿಮೆ ಉಳಿಯುತ್ತದೆ. ಬ್ರೆಡ್ಡಕ್ಕನ ಮೊಣಕಾಲು ತಟ್ಟಿದೆ. ಅವಳು ಬೆಚ್ಚಿ ಎದ್ದು “ಸೀದು ಹೋಯ್ತಾ?” ಎಂದಳು. ಕಾವಲುಗಾರನ ತೋಳು ಅಲುಗಿಸಿದೆ. ಸಾಲಿನ ಕೊನೆಯಲ್ಲಿ ಅಕ್ಕ ಬಾಯಿ ತೆರೆದು ಮಲಗಿದ್ದಳು. ಅವಳ ಹತ್ತಿರ ಬಂದಾಗ ಟಾರ್ಚಿನ ಬೆಳಕನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಂದಕ್ಕೆ ಹೋಗಿಬಿಟ್ಟೆ.

ಕಾವಲುಗಾರ ನೋಡುತ್ತಿದ್ದ. ಮೆಲ್ಲಗೆ, ಯಾರಿಗೂ ತೊಂದರೆಯಾಗದಂತೆ ಕೇಳಿದ: “ಏನು ತಂಗಿ, ನಿಮ್ಮಕ್ಕಂದು ನಿದ್ದೆ, ನಮ್ದೇನು ಕಳ್ಳತನವಾ?”

“ಅವಳ ಕೆಲ್ಸ ಹಾಗಿದೆ ಅಣ್ಣಾ. ಕೈ ಹೋಗುತ್ತೆ.”

“ನನಗೇನೂ ಹೋಗಲ್ಲ ಬಿಡು. ಕಣ್ಣು ಮುಚ್ಚಿದ್ರೆ ಕೆಲ್ಸ ಹೋಗುತ್ತೆ ಅಷ್ಟೆ. ಗೋದಾಮಲ್ಲಿ ಕ್ಯಾಮೆರಾ ಇಟ್ಟಿರೋದು ಕಳ್ಳರನ್ನ ನೋಡೋಕಲ್ಲ, ನನ್ನ ನೋಡೋಕೆ.” ನೆಟ್ಟಗೆ ಕೂತು ಅಂಗಿ ಸರಿಮಾಡಿಕೊಂಡ. “ಕೂತಿರ್ತೀನಿ. ನೋಡೇಬಿಡೋಣ ಆ ತಾಯಿಗೆ ಏನು ಕಷ್ಟ ಬಂದಿದೆಯೋ.”

ಪರದೆಯ ತಾಯಿಗೆ ಅತ್ತು, ಹಿಂದಿನ ಸಾಲಿನವನಿಗೆ ಒಂದೇ ನಕ್ಷತ್ರ ಕೊಟ್ಟವನನ್ನು ಹಿಂದಿನ ದಿನವೆಲ್ಲ ಮನಸ್ಸಿನಲ್ಲೇ ಬೈದಿದ್ದೆ. ಅವನ ಮರುಕ ಪರದೆಯವರೆಗೆ ಹೋಗುತ್ತಿತ್ತು. ನನ್ನದು ಸಾಲಿನ ಕೊನೆಯ ಸೀಟಿಗೆ ಬಂದು ನಿಂತಿತ್ತು, ಯಾಕೆಂದರೆ ಅಲ್ಲಿ ಮಲಗಿದ್ದವಳು ನನ್ನ ಜೊತೆ ಹುಟ್ಟಿದವಳು. ಅವನಿಗೂ ನನಗೂ ಅಂತರ ಎಷ್ಟೆಂದು ಯೋಚಿಸುತ್ತಾ ಗೋಡೆಗೆ ಒರಗಿದೆ.

ಮಧ್ಯಂತರದಲ್ಲಿ ದೀಪ ಹತ್ತಿದಾಗ ಅಕ್ಕನ ಸೀಟು ಖಾಲಿಯಿತ್ತು. ಹೊರಗಿನ ಮೆಟ್ಟಿಲ ಮೇಲೆ, ಪೋಸ್ಟರಿನ ಗೇಣಗಲ ನೆರಳಿನಲ್ಲಿ ಕೂತಿದ್ದಳು. ಕಲ್ಲು ಕಾದು ಕೂರಲಾಗದೆ ಚಪ್ಪಲಿ ಬಿಚ್ಚಿ ಅದರ ಮೇಲೆ ಕೂತಿದ್ದಳು.

“ಒಳಗೆ ಬಾ” ಎಂದೆ.

“ಅವ್ರನ್ನೆಲ್ಲ ಎಬ್ಬಿಸಿ ನನ್ನೊಬ್ಬಳ್ನ ಬಿಟ್ಯಲ್ಲ, ಯಾಕೆ?”

“ಎಚ್ಚರ ಇದ್ಯಾ ನೀನು?”

“ಅವನು ಮಾತಾಡಿದ್ದು ಕೇಳಿಸ್ತು. ಸದ್ದು ಕಡಿಮೆ ಇರೋ ಸಾಲಲ್ವಾ, ಮಾತು ಚೆನ್ನಾಗಿ ಕೇಳಿಸುತ್ತೆ.”

“ಅಕ್ಕಾ, ನಿನ್ನ ಕೈ...”

“ಬ್ರೆಡ್ಡು ತೆಗೆಯೋಳಿಗೆ ಇರೋದೇನು, ಸೌಟಾ? ಅವಳದ್ದೂ ಕೈಯೇ.” ಮುಖ ಒರೆಸಿಕೊಂಡಳು. “ಎಬ್ಬಿಸೋದಾದ್ರೆ ನನ್ನನ್ನೇ ಮೊದಲು ಎಬ್ಬಿಸು. ಇಲ್ಲಾಂದ್ರೆ ಯಾರನ್ನೂ ಎಬ್ಬಿಸ್ಬೇಡ. ಎರಡರಲ್ಲಿ ಒಂದು ಮಾಡು. ಹೀಗೆ ಕದ್ದು ಕೊಟ್ಟ ನಿದ್ದೆ ನಂಗೆ ಹತ್ತಲ್ಲ.”

“ಕೆಲ್ಸ ಹೋದ್ರೆ?”

“ಗೊತ್ತಿಲ್ಲ ಕಣೇ. ಯೋಚ್ನೆ ಮಾಡೋಕೂ ನಿದ್ದೆ ಆಗಿರ್ಬೇಕು.”

ಒಳಗೆ ಬರಲಿಲ್ಲ. ಹಾಗೇ ಮನೆಗೆ ಹೋಗಿ, ಹಾಗೇ ಕೆಲಸಕ್ಕೂ ಹೋದಳು. ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಓಣಿಯ ತುದಿಯಲ್ಲೇ ನಿಂತಿದ್ದೆ. ದೂರದಿಂದಲೇ ಅವಳ ಎರಡೂ ಕೈ ನೋಡಿದೆ. ಬೆರಳು ಹತ್ತೂ ಇದ್ದವು. ಹತ್ತಿರ ಬಂದಾಗ ಎಡ ಮಣಿಕಟ್ಟಿನ ಮೇಲೆ ಬಳೆಯ ಹಾಗೆ ಒಂದು ಕೆಂಪು ಗೆರೆ ಕಂಡಿತು, ನೀರು ತುಂಬಿ ಉಬ್ಬಿತ್ತು.

“ಮುಟ್ಟಿತು ಅಷ್ಟೆ” ಎಂದಳು. “ಎಳ್ಕೊಂಡೆ.”

ಆ ದಿನ ಮಧ್ಯಾಹ್ನ ಅವಳನ್ನು ಕೈಹಿಡಿದು ಕರೆದುಕೊಂಡು ಹೋದೆ. ಬಾಗಿಲಲ್ಲಿ ಕಾವಲುಗಾರ ಟಿಕೆಟ್ ಚಾಚಿದ.

“ಸದ್ದು ಕಡಿಮೆ ಇರೋ ಸಾಲು ಬೇಕಾ ಅಣ್ಣಾ?”

“ಏಳಿಸ್ತೀಯಾ?”

“ಇಲ್ಲ.”

ಅವನು ಒಳಗೆ ಹೋದ. ಬ್ರೆಡ್ಡಕ್ಕ ಹೋದಳು. ಅಕ್ಕ ಹೋದಳು. ಮೊದಲ ಅರ್ಧ ಕಳೆಯುವ ಹೊತ್ತಿಗೆ ಆ ಸಾಲಿನಲ್ಲಿ ಏಳು ಜನ, ಏಳು ಥರದ ಉಸಿರು. ನಾನು ಟಾರ್ಚ್ ಆರಿಸಿ ಹಿಂದಿನ ಬಾಗಿಲ ಬಳಿ ನಿಂತಿದ್ದೆ. ಹೆದರಿಕೆಯೂ ಇತ್ತು. ಆದರೆ ಹೆದರುವುದಕ್ಕೂ ಸ್ವಲ್ಪ ಶಕ್ತಿ ಬೇಕು.

ಮ್ಯಾನೇಜರ್ ಬಂದದ್ದು ಕೊನೆಯ ಇಪ್ಪತ್ತು ನಿಮಿಷದಲ್ಲಿ. ಪರದೆಯ ಮೇಲೆ ಆಸ್ಪತ್ರೆ, ತಾಯಿಯ ಹಾಸಿಗೆಯ ಪಕ್ಕ ಮಗಳು. ಹಾಲಿನ ತುಂಬಾ ಮೂಗು ಸೇದುವ ಸದ್ದು. ಅದರ ನಡುವೆ ಎಡಗಡೆಯಿಂದ ಕಾವಲುಗಾರನ ಗೊರಕೆ, ನಿಧಾನಕ್ಕೆ, ಗರಗಸ ಎಳೆದಂತೆ.

“ಎಬ್ಬಿಸು” ಎಂದ ಮ್ಯಾನೇಜರ್.

ನಾನು ಬಾಗಿಲ ಬಳಿಯಿಂದ ಕದಲಲಿಲ್ಲ.

“ಹೇಳಿದ್ದು ಕೇಳಿಸ್ತಾ?”

“ಕೇಳಿಸ್ತು ಸಾರ್. ನನ್ನಿಂದ ಆಗಲ್ಲ. ನೀವೇ ಎಬ್ಬಿಸಿ.” ಟಾರ್ಚನ್ನು ಅವನ ಕೈಗಿಟ್ಟೆ.

ಅದನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಲಿಲ್ಲ. ಅವನು ಗಾಜು ಮುಚ್ಚದೆ, ಕೈ ಎತ್ತಿ, ನೆಟ್ಟಗೆ ಹಚ್ಚಿದ. ಬೆಳಕು ಮೊದಲು ಬಾಲ್ಕನಿಯ ಸೂರಿಗೆ ಹೊಡೆಯಿತು, ಅಲ್ಲಿಂದ ಜಾರಿ ಅಳುತ್ತಿದ್ದವರ ತಲೆಗಳ ಮೇಲೆ ಓಡಿತು, ಅವನು ಸಾಲಿನೊಳಗೆ ನುಗ್ಗುವಾಗ ಕಾಲು ಎಡವಿದ್ದರಿಂದ ನೇರ ಹೋಗಿ ಪರದೆಯ ಮೇಲೆ, ಸಾಯುತ್ತಿದ್ದ ತಾಯಿಯ ಮೂಗಿನ ತುದಿಗೆ ನಿಂತಿತು. ಹೊಸ ಟಾರ್ಚ್, ಹೊಸ ಬ್ಯಾಟರಿ. ತಾಯಿಯ ಮುಖದ ಮಧ್ಯೆ ಒಂದು ಬಿಳಿಯ ಬಿಲ್ಲೆ ನಡುಗುತ್ತಿತ್ತು.

“ಯಾವನೋ ಅವನು?” ಮುಂದಿನ ಸಾಲಿನಿಂದ ಒಬ್ಬ ಕೇಳಿದ.

“ಆರ್ಸೋ ಅದನ್ನ.”

ಮ್ಯಾನೇಜರ್ ಗಾಬರಿಯಲ್ಲಿ ಬೆಳಕನ್ನು ಕೆಳಗೆ ತಿರುಗಿಸಿದ. ಅದು ಕಾವಲುಗಾರನ ಕಣ್ಣಿಗೇ ಬಿತ್ತು. ಅವನು ನಿದ್ದೆಯಲ್ಲೇ ಚಟ್ಟನೆ ಎದ್ದು ನಿಂತು, ಹಣೆಗೆ ಕೈ ಹಚ್ಚಿ ಸೆಲ್ಯೂಟ್ ಹೊಡೆದು, ಗೋದಾಮಿನ ದನಿಯಲ್ಲಿ ಹೇಳಿದ: “ಎಲ್ಲಾ ಸರಿಯಾಗಿದೆ ಸಾರ್.”

ಯಾರೋ ನಕ್ಕರು. ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಯಿತು. ಪರದೆಯ ಮೇಲೆ ತಾಯಿ ಕಣ್ಣು ಮುಚ್ಚಿದಳು, ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅಳುತ್ತಿದ್ದವರಿಗೆ ಅಳು ನಿಂತುಹೋದ ಸಿಟ್ಟು. “ಹೊರಗೆ ಹಾಕ್ರೀ ಅವನ್ನ, ಟಾರ್ಚ್‌ನವನನ್ನ” ಎಂದು ಹೆಂಗಸೊಬ್ಬಳು ಕೂಗಿದಳು. ಮ್ಯಾನೇಜರ್ ಹೊರಗೆ ಹೋದ.

ಆಟ ಬಿಟ್ಟ ಮೇಲೆ ಅವನ ಕೋಣೆಯ ಮುಂದೆ ನಾಲ್ಕು ಜನ ದೂರು ಹೇಳಲು ನಿಂತಿದ್ದರು. ಒಬ್ಬನಿಗೆ ಇದು ಎರಡನೆಯ ಸಲವಂತೆ. “ಮೊನ್ನೆ ಗೊರಕೆ, ಇವತ್ತು ಟಾರ್ಚು” ಎನ್ನುತ್ತಿದ್ದ. “ಗೊರಕೆನೇ ಪರವಾಗಿರ್ಲಿಲ್ಲ ಕಣ್ರೀ. ಇಡೀ ಸಿನಿಮಾದಲ್ಲಿ ಮನಸ್ಸು ಬಿಚ್ಚಿ ಅಳೋಕೆ ಇರೋದೇ ಅದೊಂದು ಜಾಗ.” ನಕ್ಷತ್ರದವನು ಅವನೇ. ಕಣ್ಣು ಕೆಂಪಾಗಿತ್ತು, ಮುಖ ಬಳಲಿತ್ತು. ಯಾವುದೋ ಆಫೀಸಿನಿಂದ ಊಟದ ಹೊತ್ತಿಗೆ ತಪ್ಪಿಸಿಕೊಂಡು ಬಂದವನಂತೆ ಕೊರಳಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿತ್ತು. ಅವನಿಗೂ ಅಳಲು ಬೇರೆ ಜಾಗ ಇರಲಿಲ್ಲವೋ ಏನೋ. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ನಾಲ್ವರೂ ಹೋದ ಮೇಲೆ ಮ್ಯಾನೇಜರ್ ನನ್ನನ್ನು ಕರೆದ. “ಮಧ್ಯಂತರ ಆದ್ಮೇಲೆ ಒಳಗೆ ಯಾರೂ ಟಾರ್ಚ್ ಹಚ್ಚಬಾರ್ದು” ಎಂದ. “ಗೊರಕೆಯವ್ರನ್ನ ಎಲ್ಲಾದ್ರೂ ಆ ಕಂಬದ ಹಿಂದೆ ಕೂರಿಸು.”

“ಅಲ್ಲೇ ಕೂರಿಸ್ತಾ ಇದ್ದೆ ಸಾರ್.”

“ಗೊತ್ತು ಹೋಗಮ್ಮಾ. ನಿನ್ನ ವಿಷಯ ಆಮೇಲೆ ನೋಡ್ತೀನಿ.”

ಆ ‘ಆಮೇಲೆ’ ಇನ್ನೂ ಬಂದಿಲ್ಲ. ಬರುವುದಿಲ್ಲ ಎಂದು ಹೇಳಲಾರೆ. ನಾವು ಗೆದ್ದೆವು ಎಂದು ಬ್ರೆಡ್ಡಕ್ಕ ಒಂದು ಪೊಟ್ಟಣ ಬನ್ನು ತಂದುಕೊಟ್ಟಳು. ಗೆದ್ದದ್ದು ಏನೆಂದು ನನಗೆ ಗೊತ್ತಾಗಲಿಲ್ಲ. ಏಳು ಜನರ ನಿದ್ದೆಗೆ ಯಾರ ಎದೆಯೂ ಕರಗಿರಲಿಲ್ಲ. ಟಾರ್ಚಿನ ಬೆಳಕು ಅಳುವವರಿಗೆ ಅಡ್ಡ ಬಂತು, ಅದಕ್ಕೇ ಇವರನ್ನು ಮಲಗಲು ಬಿಟ್ಟರು. ಶೀಟಿನ ಕೆಳಗೆ ಬೇಯುವ ಕೋಣೆ ಹಾಗೇ ಇತ್ತು, ರಾತ್ರಿ ಪಾಳಿ ಹಾಗೇ ಇತ್ತು, ಬೆರಳು ಒಳಗೆ ಹೋಗದಂತೆ ರೋಲರಿಗೆ ಒಂದು ತಡೆ ಹಾಕಿಸಿ ಎಂದು ಅಕ್ಕನ ವಿಭಾಗದವರು ಕೊಟ್ಟ ಅರ್ಜಿ ಯಾವುದೋ ಮೇಜಿನ ಮೇಲೆ ಹಾಯಾಗಿ ಮಲಗಿತ್ತು. ಬನ್ನು ಚೆನ್ನಾಗಿತ್ತು, ತಿಂದೆ.

ಗುರುವಾರ ಆ ಸಿನಿಮಾದ ಕೊನೆಯ ದಿನ. ಆಟ ಶುರುವಾಗುವ ಮೊದಲು ಅಕ್ಕನ ಪಕ್ಕದ ಸೀಟಿನಲ್ಲಿ ಎರಡು ನಿಮಿಷ ಕೂತೆ. ಅವಳ ಮಣಿಕಟ್ಟಿನ ಗುಳ್ಳೆ ಒಡೆದು ಒಣಗುತ್ತಿತ್ತು. ಆಚೆ ಬದಿಯಲ್ಲಿ ಕಾವಲುಗಾರ ಆಗಲೇ ಕಾಲು ಚಾಚಿ ಟೋಪಿಯನ್ನು ಮುಖದ ಮೇಲೆ ಇಟ್ಟುಕೊಂಡಿದ್ದ.

“ನಾಳೆಯಿಂದ ಯಾವ್ದು?” ಎಂದು ಅಕ್ಕ ಕೇಳಿದಳು.

“ಯುದ್ಧದ್ದು. ಬರೀ ಬಾಂಬು, ತೋಪು. ಸದ್ದು ಕಡಿಮೆ ಮಾಡೋ ಹಾಗಿಲ್ಲ ಅಂತ ಕಂಪನಿಯವ್ರೇ ಬರೆದು ಕಳಿಸಿದಾರಂತೆ, ಮಾವ ಹೇಳ್ದ.”

ಟೋಪಿಯ ಕೆಳಗಿನಿಂದ ಕಾವಲುಗಾರನ ದನಿ ಬಂತು: “ಉದ್ದ ಇದೆಯಾ ತಂಗಿ?”

“ಮೂರು ಗಂಟೆ ಹತ್ತು ನಿಮಿಷ ಅಣ್ಣಾ.”

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಇದಕ್ಕಿಂತ ಅರ್ಧ ಗಂಟೆ ಜಾಸ್ತಿ” ಎಂದು ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ನಾನು ಎದ್ದು ದೀಪ ಆರಿಸಲು ಹೋದೆ.